ಐದು ಓಟು ಕಡಿಮೆ

ನಮ್ಮ ಚರ್ಚಿನ ಸದಸ್ಯರ ಪುಸ್ತಕ ನನ್ನ ಕೈಲಿದೆ. ಹಸಿರು ರಟ್ಟಿನ ದಪ್ಪ ಪುಸ್ತಕ. ಅದೇ ಪಟ್ಟಿ ಈಗ ಕಂಪ್ಯೂಟರಿನಲ್ಲೂ ಇದೆ, ಆದರೂ ಪುಸ್ತಕ ಬರೆಯುವುದನ್ನು ಬಿಟ್ಟಿಲ್ಲ. ಯಾರಿಗೆ ದೀಕ್ಷಾಸ್ನಾನವಾಯಿತು, ಯಾರು ಬೇರೆ ಊರಿಗೆ ಹೋದರು, ಯಾರು ತೀರಿಕೊಂಡರು, ಬರೆಯಬೇಕಾದ್ದು ಇಷ್ಟೇ. ಇಲ್ಲಿ ಈ ಕೆಲಸಕ್ಕೆ ಮೆಂಬರ್‌ಶಿಪ್ ಸೆಕ್ರೆಟರಿ ಎಂಬ ದೊಡ್ಡ ಹೆಸರು. ಸಂಬಳವೂ ಇಲ್ಲ, ತಕರಾರೂ ಇಲ್ಲ ಎಂದುಕೊಂಡು ಒಪ್ಪಿದ್ದೆ. 2022ರಲ್ಲಿ ನಮ್ಮ ಚರ್ಚು ತನ್ನ ಪಂಗಡ ಬಿಟ್ಟು ಹೋಗಬೇಕೇ ಎಂಬ ಜಗಳ ಎದ್ದಾಗ ತಕರಾರೆಲ್ಲ ಆ ಪುಸ್ತಕಕ್ಕೇ ಬಂದು ನಿಂತಿತು.

ನಾನು ಬೀದರ್ ಕಡೆಯವಳು. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತೆ, ಅಲ್ಲಿಯವರನ್ನೇ ಮದುವೆಯಾದೆ. 2009ರಿಂದ ಟೆಕ್ಸಾಸ್‌ನಲ್ಲಿದ್ದೇವೆ. ಹ್ಯೂಸ್ಟನ್‌ನಿಂದ ಉತ್ತರಕ್ಕೆ ಒಂದೂವರೆ ಗಂಟೆ ದಾರಿ, ಪೈನ್ ಮರಗಳ ನಡುವಿನ ಸಣ್ಣ ಊರು. ಹುಟ್ಟಿನಿಂದ ಮೆಥಡಿಸ್ಟರಾದ ನಾವು ಇಲ್ಲಿಯೂ ಮೆಥಡಿಸ್ಟ್ ಚರ್ಚನ್ನೇ ಹುಡುಕಿಕೊಂಡು ಹೋದೆವು. ಅದರ ಮೂಲೆಗಲ್ಲಿನ ಮೇಲೆ ‘ಎಂ.ಇ. ಚರ್ಚ್, ಸೌತ್’ (ಎಂ.ಇ. ಎಂದರೆ ಮೆಥಡಿಸ್ಟ್ ಎಪಿಸ್ಕೋಪಲ್) ಎಂದು ಕೆತ್ತಿದ್ದು ನೋಡಿ ನನಗೆ ಅಜ್ಜನ ನೆನಪಾಯಿತು. ಅಜ್ಜ ಸಾಯುವತನಕ ನಮ್ಮೂರ ಚರ್ಚನ್ನು ‘ಎಂ.ಇ. ಚರ್ಚ್’ ಎಂದೇ ಕರೆಯುತ್ತಿದ್ದ. ಆ ‘ಸೌತ್’ ಎಂಬ ಬಾಲ ಏನೆಂದು ಆಮೇಲೆ ತಿಳಿಯಿತು. ಬಿಷಪ್ ಗುಲಾಮರನ್ನು ಇಟ್ಟುಕೊಳ್ಳಬಹುದೇ ಎಂಬ ಜಗಳದಲ್ಲಿ 1844ರಲ್ಲಿ ಅಮೆರಿಕದ ಮೆಥಡಿಸ್ಟರು ಎರಡಾಗಿ, ಮತ್ತೆ ಒಂದಾದದ್ದು 1939ರಲ್ಲಿ. ಬೀದರಿಗೆ ಬಂದ ಮಿಷನರಿಗಳು ಉತ್ತರದ ಪಂಗಡದವರು. ನಾನು ಸೇರಿದ್ದು ದಕ್ಷಿಣದವರು ಕಟ್ಟಿದ ಚರ್ಚು. ಹಾಗಾಗಿ ‘ನಮ್ಮ ಚರ್ಚು ಯಾವತ್ತೂ ಒಡೆದಿರಲಿಲ್ಲ’ ಎಂದು ಯಾರಾದರೂ ಗದ್ಗದರಾದಾಗಲೆಲ್ಲ ನನಗೆ ಆ ಕಲ್ಲು ನೆನಪಾಗುತ್ತಿತ್ತು.

ಜಗಳದ ಬೇರು ಹಳೆಯದು. ಸಲಿಂಗಕಾಮ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂಬ ವಾಕ್ಯ ನಮ್ಮ ಪಂಗಡವಾದ ಯುನೈಟೆಡ್ ಮೆಥಡಿಸ್ಟ್ ಚರ್ಚಿನ ನಿಯಮ ಪುಸ್ತಕಕ್ಕೆ ಸೇರಿದ್ದು 1972ರಲ್ಲಿ. ಅಲ್ಲಿಂದ ನಾಲ್ಕು ವರ್ಷಕ್ಕೊಮ್ಮೆ ಸೇರುವ, ಪಂಗಡದ ನಿಯಮ ಮಾಡುವ ಜನರಲ್ ಕಾನ್ಫರೆನ್ಸ್‌ನಲ್ಲಿ ಒಬ್ಬರು ಅದನ್ನು ತೆಗೆಯಿರಿ ಎನ್ನುವುದು, ಇನ್ನೊಬ್ಬರು ಬಿಗಿ ಮಾಡಿ ಎನ್ನುವುದು. 2019ರ ಫೆಬ್ರುವರಿಯಲ್ಲಿ ಇದೊಂದಕ್ಕಾಗಿಯೇ ಸೇಂಟ್ ಲೂಯಿಸ್‌ನಲ್ಲಿ ವಿಶೇಷ ಸಭೆ ಕರೆದರು. 438ಕ್ಕೆ 384 ಓಟಿನಲ್ಲಿ ಸಂಪ್ರದಾಯದವರು ಗೆದ್ದರು. ಆಗಲೇ ನಿಯಮ ಪುಸ್ತಕಕ್ಕೆ 2553 ಎಂಬ ಕಲಮು ಸೇರಿತು. ಅದರ ಪ್ರಕಾರ, ಈ ವಿಷಯದಲ್ಲಿ ಮನಸ್ಸಾಕ್ಷಿ ಒಪ್ಪದ ಊರಿನ ಚರ್ಚು ತನ್ನ ಕಟ್ಟಡ ಸಮೇತ ಹೊರಗೆ ಹೋಗಬಹುದಿತ್ತು. ಹಾಜರಿದ್ದು ಓಟು ಹಾಕಿದ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕಿತ್ತು. ಮೇಲಿನವರಿಗೆ ಸಲ್ಲಬೇಕಾದ ಪಾಲಿನ ಹಣ, ಪಾದ್ರಿಗಳ ಪಿಂಚಣಿ ಬಾಕಿ ಕಟ್ಟಬೇಕಿತ್ತು. ಎಲ್ಲವೂ 2023ರ ಡಿಸೆಂಬರ್ 31ರೊಳಗೆ ಮುಗಿಯಬೇಕಿತ್ತು.

ವಿಚಿತ್ರವೆಂದರೆ ಗೆದ್ದವರೇ ಹೊರಡಲು ಗಂಟು ಕಟ್ಟಿದರು, ಸೋತವರು ಕೂತಲ್ಲೇ ಕೂತರು. ನಿಯಮ ಇನ್ನೂ ನಿಮ್ಮ ಕಡೆಗೇ ಇದೆಯಲ್ಲ, ಮತ್ತೇಕೆ ಹೋಗುತ್ತೀರಿ ಎಂದು ಒಂದು ಗುಂಪು. ನಿಯಮ ಇದ್ದೇನು, ಪಾಲಿಸುವವರು ಯಾರು ಎಂದು ಇನ್ನೊಂದು. ಅದಕ್ಕೆ ಅವರು ಕೊಡುತ್ತಿದ್ದ ಉದಾಹರಣೆ ಕ್ಯಾರನ್ ಒಲಿವೆಟೊ ಅವರದು. ಮಹಿಳೆಯನ್ನೇ ಮದುವೆಯಾಗಿದ್ದ ಅವರನ್ನು 2016ರಲ್ಲಿ ಪಶ್ಚಿಮ ರಾಜ್ಯಗಳವರು ಬಿಷಪ್ ಆಗಿ ಆರಿಸಿದ್ದರು, ಅವರು ಆ ಸ್ಥಾನದಲ್ಲೇ ಇದ್ದರು. “ಇವತ್ತಲ್ಲ ನಾಳೆ ಆ ವಾಕ್ಯ ಹೋಗುತ್ತೆ, ಅಷ್ಟರಲ್ಲಿ ಬಾಗಿಲೂ ಮುಚ್ಚಿರುತ್ತೆ” ಎಂಬುದು ಹೊರಡುವವರ ಲೆಕ್ಕ. ಲೆಕ್ಕ ತಪ್ಪಾಗಿರಲಿಲ್ಲ.

ಫೋನಿನಲ್ಲಿ ಅವ್ವನಿಗೆ ಇದನ್ನು ಹೇಳುವುದೇ ದೊಡ್ಡ ಕೆಲಸವಾಯಿತು. ನಮ್ಮ ಮನೆಯಲ್ಲಿ ಇದಕ್ಕೆ ಮಾತೇ ಇಲ್ಲ. “ಗಂಡಸು ಗಂಡಸು, ಹೆಂಗಸು ಹೆಂಗಸು ಲಗ್ನ ಆಗೋದ್ರ ಬಗ್ಗೆ ಜಗಳ ನಡೆದದವ್ವ” ಎಂದೆ.

“ಜೋಗಪ್ಪನೋರು ಇರ್ತಾರಲ್ಲ, ಅವರೇನು?”

“ಅಲ್ಲ, ಅವರು ಬ್ಯಾರೆ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅಂಥವರು ಎಷ್ಟ್ ಮಂದಿ ಅದಾರ ನಿಮ್ಮ ಚರ್ಚಿನಾಗ?”

“ನನಗ ಗೊತ್ತಿದ್ದಂಗ ಒಬ್ಬಾಕಿ. ಆಕಿನೂ ಈಗ ಈ ಊರಾಗ ಇಲ್ಲ.”

“ಜಾಗ ಯಾರ ಹೆಸರಿಲೆ ಅದ?”

ಮೂರು ತಿಂಗಳು ಯೇಸು, ಪೌಲ, ಯಾಜಕಕಾಂಡ ಎಂದು ಮಾತಾಡಿದ ನಮ್ಮವರಾರೂ ಮೊದಲ ದಿನ ಕೇಳದಿದ್ದ ಪ್ರಶ್ನೆ ಇದು. ಬೀದರಿನವರಿಗೆ ಹೇಳಿಕೊಡಬೇಕಾಗಿಲ್ಲ, ಚರ್ಚಿನ ಆಸ್ತಿಯ ವ್ಯಾಜ್ಯ ಎಂದರೇನು, ಅದು ಎಷ್ಟು ವರ್ಷ ಎಳೆಯುತ್ತದೆ ಎಂದು ನೋಡಿಯೇ ಬೆಳೆದವರು ನಾವು. ಮೆಥಡಿಸ್ಟರಲ್ಲಿ ಇದಕ್ಕೆ ಮೂಲಪುರುಷ ಜಾನ್ ವೆಸ್ಲಿಯ ಕಾಲದಿಂದ ಬಂದ ಪದ್ಧತಿಯಿದೆ. ನೆಲ, ಕಟ್ಟಡ ಊರಿನ ಟ್ರಸ್ಟಿಗಳ ಹೆಸರಿನಲ್ಲೇ ಇರುತ್ತದೆ, ಆದರೆ ಅವರು ಅದನ್ನು ಇಡೀ ಪಂಗಡದ ಪರವಾಗಿ ಹಿಡಿದಿರುತ್ತಾರೆ. ಗೋಡೆ ಕಟ್ಟಿದ್ದು ಇಲ್ಲಿನ ಸದಸ್ಯರ ಅಜ್ಜಂದಿರು. 2017ರ ಹಾರ್ವಿ ಚಂಡಮಾರುತದ ಮಳೆಯಲ್ಲಿ ಸೋರಿದ ಛಾವಣಿಗೆ ಸಾಲ ತೀರಿಸಿದ್ದು ಇವರು. ಕಾಗದ ಮಾತ್ರ ಬೇರೆ ಮಾತು ಹೇಳುತ್ತದೆ. ಪಂಗಡ ಬಿಟ್ಟು ಹೋಗುವವರನ್ನು ಯಾರೂ ಯಾವ ದಿನವೂ ತಡೆಯುವವರಲ್ಲ. ಕಟ್ಟಡ ತೆಗೆದುಕೊಂಡು ಹೋಗಬೇಕೆಂದರೆ ಮಾತ್ರ 2553 ಬೇಕಿತ್ತು. ನಮ್ಮ ಓಟು ದೇವರ ವಾಕ್ಯದ ಮೇಲೆ ಎಂದು ಎಲ್ಲರೂ ಹೇಳಿದರು. ಅರ್ಧದಷ್ಟು ಅದು ಛಾವಣಿಯ ಮೇಲೆಯೇ ಇತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆ ಬೇಸಿಗೆ ಬುಧವಾರ ಸಂಜೆಗಳಂದು ಮೂರು ‘ಆಲಿಸುವ ಸಭೆ’ಗಳಾದವು. ಊಟದ ಹಾಲಿನಲ್ಲಿ ಕುರ್ಚಿ ಹಾಕಿ, ಒಬ್ಬೊಬ್ಬರಿಗೆ ಎರಡು ನಿಮಿಷ. ಸಮಯ ನೋಡಲು ಅಡುಗೆಮನೆಯಿಂದ ಕೋಳಿಮೊಟ್ಟೆಯಂತಿದ್ದ ಟೈಮರ್ ತಂದಿಟ್ಟಿದ್ದರು. ಒಬ್ಬ ಮುದುಕರು, ಸಲಿಂಗಕಾಮದ ವಿರುದ್ಧ ಉದಾಹರಿಸುವ, ರೋಮಾಪುರದವರ ಪತ್ರಿಕೆಯ ಮೊದಲ ಅಧ್ಯಾಯ ಓದುತ್ತಿದ್ದಾಗ ಅದು ಟಿರ್‍ರ್ ಎಂದಿತು, ಅವರು ವಚನದ ನಡುವೆಯೇ ಪುಸ್ತಕ ಮುಚ್ಚಿ ಕೂತರು. ನಿವೃತ್ತ ಶಿಕ್ಷಕಿಯೊಬ್ಬರು ಅಪೊಸ್ತಲರ ಕೃತ್ಯಗಳ ಹತ್ತನೇ ಅಧ್ಯಾಯ ತೆಗೆದರು. ಆಕಾಶದಿಂದ ಇಳಿದ ಜೋಳಿಗೆ, ಅಶುದ್ಧವೆನ್ನಬೇಡ ಎಂದು ಪೇತ್ರನಿಗಾದ ಮಾತು, ಅದೆಲ್ಲ. ಅವರಿಗೂ ಟಿರ್‍ರ್. ಯಾರೂ ಯಾರ ಮನಸ್ಸನ್ನೂ ಬದಲಿಸಿದ್ದು ನನಗೆ ಕಾಣಲಿಲ್ಲ. ಎದ್ದು ಹೋಗುವಾಗ ಎಲ್ಲರೂ ಕುರ್ಚಿ ಮಡಚಿ ಜೋಡಿಸಿಟ್ಟು ಹೋದರು, ಅದನ್ನು ಮಾತ್ರ ಒಟ್ಟಿಗೇ ಮಾಡಿದರು.

ನನ್ನನ್ನು ಎರಡೂ ಕಡೆಯವರು ತಮ್ಮವಳೆಂದೇ ಹಿಡಿದಿದ್ದರು. “ನಿಮ್ಮ ಇಂಡಿಯಾದ ಚರ್ಚುಗಳು ಇದನ್ನೆಲ್ಲ ಒಪ್ಪುವುದಿಲ್ಲ, ಅಲ್ಲವೇ?” ಎಂದು ಒಬ್ಬರು ಕೈ ಹಿಡಿದು ಕೇಳಿದರು. ಒಪ್ಪುವುದಿಲ್ಲ ನಿಜ. ಆದರೆ ನಮ್ಮವರಿಗೆ ಈ ಪಂಗಡದಲ್ಲಿ ಓಟೇ ಇಲ್ಲ. ಭಾರತದ ಮೆಥಡಿಸ್ಟ್ ಚರ್ಚು 1981ರಲ್ಲೇ ಸ್ವತಂತ್ರವಾಯಿತು. ಸೇಂಟ್ ಲೂಯಿಸ್‌ನಲ್ಲಿ ಆಫ್ರಿಕದವರು, ಫಿಲಿಪೀನ್ಸ್‌ನವರು ಓಟು ಹಾಕಿದರು, ಬೀದರಿನವರು ಹಾಕಲಿಲ್ಲ. ಅಷ್ಟು ವಿವರ ಕೇಳುವ ತಾಳ್ಮೆ ಆ ತಾಯಿಗಿರಲಿಲ್ಲ. ಇನ್ನೊಬ್ಬರು ಪಾರ್ಕಿಂಗಿನಲ್ಲಿ ನಿಲ್ಲಿಸಿ, “ನೀವಂತೂ ನಮ್ಮ ಕಡೆ. ಹೊರಗಿನವರಾಗಿ ಇರುವುದು ಹೇಗಿರುತ್ತೆ ಅಂತ ನಿಮಗೆ ಗೊತ್ತು” ಎಂದರು. ಹದಿಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತ ಮೇಲೆ ನಾನು ಹೊರಗಿನವಳು ಎಂದು ಅವತ್ತು ತಿಳಿಯಿತು.

ನಿಜ ಹೇಳಬೇಕೆಂದರೆ ನನಗೆ ಎರಡೂ ಕಡೆಯವರಷ್ಟು ಖಾತ್ರಿ ಇರಲಿಲ್ಲ. ಬೆಳೆದ ರೀತಿಗೆ ಆ ಮದುವೆ ಒಪ್ಪಿಗೆಯಾಗುವಂಥದ್ದಲ್ಲ. ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದವಳಿಗೆ, ಇಬ್ಬರು ಹೆಂಗಸರಲ್ಲಿ ಒಬ್ಬರು ಐಸಿಯುನಲ್ಲಿದ್ದಾಗ ಇನ್ನೊಬ್ಬರು ಹೊರಗೆ ಹೇಗೆ ಕೂತಿರುತ್ತಾರೆಂಬುದೂ ಗೊತ್ತು. ಇವೆರಡನ್ನೂ ಎರಡು ನಿಮಿಷದಲ್ಲಿ ಹೇಳಲು ಬಾರದೆ ನಾನು ಒಂದು ಸಭೆಯಲ್ಲೂ ಎದ್ದು ನಿಲ್ಲಲಿಲ್ಲ.

ಅವ್ವನಿಗೆ ಹೇಳಿದೆನಲ್ಲ, ಆ ಒಬ್ಬಳು. ಅವಳ ತಂದೆ ನಮ್ಮ ಟ್ರಸ್ಟಿಗಳಲ್ಲೊಬ್ಬರು. ನಾವು ಬಂದ ಹೊಸತರಲ್ಲಿ ನನಗೆ ರಸ್ತೆಯ ಬಲಗಡೆ ಕಾರು ಓಡಿಸಲು ಕಲಿಸಿದವರು ಅವರೇ, ತಮ್ಮ ಹಳೆಯ ಟ್ರಕ್ಕಿನಲ್ಲಿ, ಭಾನುವಾರ ಮಧ್ಯಾಹ್ನ. ಚರ್ಚಿನ ಎಸಿ ಕೆಟ್ಟರೆ ರಾತ್ರಿ ಹತ್ತಕ್ಕೂ ಬಂದು ನೋಡುವವರು. ಮಗಳು ಡಾಲಸ್‌ನಲ್ಲಿ ಒಬ್ಬಾಕೆಯೊಂದಿಗೆ ಇದ್ದಳು. 2018ರಲ್ಲಿ ಅವರ ಮದುವೆ ನಿಶ್ಚಯವಾದಾಗ, ಮಗಳು ದೀಕ್ಷಾಸ್ನಾನ ಹೊಂದಿದ ಚರ್ಚಿನಲ್ಲೇ ಆಗಲಿ ಎಂದು ತಾಯಿ ಪಾಸ್ಟರನ್ನು ಕೇಳಿದರು. ಪಾಸ್ಟರು ನಿಯಮ ಪುಸ್ತಕ ತೋರಿಸಿದರು: ಅಂಥ ಮದುವೆ ನಮ್ಮ ಕಟ್ಟಡದಲ್ಲಿ ಆಗುವಂತಿಲ್ಲ, ನಮ್ಮ ಪಾದ್ರಿ ಮಾಡಿಸುವಂತಿಲ್ಲ. ಮದುವೆ ಕೌಂಟಿ ಕಚೇರಿಯಲ್ಲಾಯಿತು. ತಾಯಿ ಹೋದರು, ತಂದೆ ಹೋಗಲಿಲ್ಲ. 2022ರಲ್ಲಿ ಪಂಗಡ ಬಿಡಬೇಕು ಎಂದವರಲ್ಲಿ ತಂದೆ ಮುಂದಿದ್ದರು. ಅವರ ಬಾಯಲ್ಲಿ ಮಗಳ ಹೆಸರು ಒಮ್ಮೆಯೂ ಬರಲಿಲ್ಲ. ಬೇರೆಯವರೂ ಎತ್ತಲಿಲ್ಲ, ಅದು ದಾಕ್ಷಿಣ್ಯವೋ ಹೇಡಿತನವೋ.

ಸೆಪ್ಟೆಂಬರ್‌ನಲ್ಲಿ ಎಲ್ಲರ ಕಣ್ಣು ನನ್ನ ಪುಸ್ತಕದ ಮೇಲೆ ಬಿತ್ತು. ಅದರಲ್ಲಿ 412 ಹೆಸರಿದ್ದವು. ಭಾನುವಾರ ಬರುತ್ತಿದ್ದವರು ನೂರೈವತ್ತು. ಉಳಿದವರು ಎಲ್ಲಿ? ಕೆಲವರು ನರ್ಸಿಂಗ್ ಹೋಮಿನಲ್ಲಿ, ಕೆಲವರು ಕೊರೋನಾ ನಂತರ ಮನೆಯ ಟಿವಿಯ ಮುಂದೆ, ಕೆಲವರು ಎಲ್ಲೋ. ಹಳೆಯ ಹೆಸರುಗಳನ್ನು ಹೊಡೆದುಹಾಕಿ ಎಂದು ಒಬ್ಬರು, ಮುಟ್ಟಲೇಬೇಡಿ ಎಂದು ಮತ್ತೊಬ್ಬರು. ಮುಟ್ಟಲು ಬರುವುದೂ ಇಲ್ಲ. ಬಾರದವರನ್ನು ತೆಗೆಯುವುದು ವರ್ಷಗಟ್ಟಲೆ ಪತ್ರ ಬರೆದು, ಹುಡುಕಿ, ಸಭೆಯ ಮುಂದಿಟ್ಟು ಮಾಡುವ ಕೆಲಸ, ಓಟಿನ ಹಿಂದಿನ ತಿಂಗಳಲ್ಲಿ ಮಾಡುವಂಥದ್ದಲ್ಲ. ಇನ್ನೊಂದು ತಲೆನೋವು, ಇಪ್ಪತ್ತು ವರ್ಷ ತಪ್ಪದೆ ಬಂದು, ಕಾಣಿಕೆ ಹಾಕಿ, ಅಂಗಳದ ಹುಲ್ಲು ಕತ್ತರಿಸಿದ ಒಬ್ಬ ಹಿರಿಯರು. ಬ್ಯಾಪ್ಟಿಸ್ಟ್ ಮನೆತನದವರು, ಎಂದೂ ವಿಧಿಪ್ರಕಾರ ಸದಸ್ಯರಾಗಿರಲಿಲ್ಲ. ಅವರಿಗೆ ಓಟಿಲ್ಲ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. “ಸರಿ ಬಿಡಮ್ಮ, ಹುಲ್ಲಿಗೆ ಅದು ಗೊತ್ತಿಲ್ಲ” ಎಂದು ನಕ್ಕರು. ನನ್ನ ಹದಿನೈದು ವರ್ಷದ ಮಗ ಹಿಂದಿನ ವರ್ಷ ದೃಢೀಕರಣ ಪಡೆದು ವಿಧಿಪ್ರಕಾರ ಸದಸ್ಯನಾಗಿದ್ದ. ಅವನಿಗೆ ಓಟಿತ್ತು.

ಅಕ್ಟೋಬರ್‌ನ ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ ಸಭೆ. ಅಧ್ಯಕ್ಷತೆಗೆ ಡಿ.ಎಸ್. (ಸುತ್ತಲಿನ ಚರ್ಚುಗಳ ಮೇಲ್ವಿಚಾರಕರಾದ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್) ಬಂದಿದ್ದರು, ಬೀದರಿನಲ್ಲಿ ‘ಡಿ.ಎಸ್. ಸಾಹೇಬ್ರು’ ಬಂದರೆ ಹಾರ, ಶಾಲು, ಕೋಳಿ ಊಟ, ಇಲ್ಲಿ ಒಂದು ಲೋಟ ನೀರು. ಬಾಗಿಲಲ್ಲಿ ಎರಡು ಮೇಜು, ಹೆಸರಿನ ಅಕ್ಷರದ ಪ್ರಕಾರ ಎರಡು ಸಾಲು. ಪಟ್ಟಿಯಲ್ಲಿ ಹೆಸರು ನೋಡಿ, ಸಹಿ ಹಾಕಿಸಿ, ಚೀಟಿ ಕೊಡುವುದು. ಬದಲಿ ಓಟಿಲ್ಲ, ಅಂಚೆ ಓಟಿಲ್ಲ, ಮೈಯೇ ಬರಬೇಕು. ಅದಕ್ಕೇ ಎರಡೂ ಗುಂಪಿನವರು ವ್ಯಾನು ಮಾಡಿಕೊಂಡು ಮುದುಕರನ್ನು ಕರೆತಂದಿದ್ದರು. ಒಬ್ಬರ ಆಕ್ಸಿಜನ್ ನಳಿಕೆ ಗಾಲಿಕುರ್ಚಿಗೆ ಸಿಕ್ಕಿಕೊಂಡಿತ್ತು. ಪೆನ್ನು ಇಟ್ಟು ಹೋಗಿ ಬಿಡಿಸಿ ಬಂದೆ. “ನಾನು ಯಾವುದಕ್ಕೆ ಗುರುತು ಹಾಕಬೇಕು?” ಎಂದು ಅವರು ನನ್ನನ್ನೇ ಕೇಳಿದರು.

ಸಾಲು ಮುಗಿಯುತ್ತ ಬಂದಾಗ ಅವಳು ಬಂದಳು. ಡಾಲಸ್‌ನಿಂದ ಬೆಳಿಗ್ಗೆ ಹೊರಟಿರಬೇಕು, ಅಂಗಿ ಮುದುಡಿತ್ತು. ಒಬ್ಬಳೇ. ನಾಲ್ಕು ವರ್ಷದಿಂದ ಈ ಬಾಗಿಲು ತುಳಿದಿರಲಿಲ್ಲ. ನನಗೆ ಚೆನ್ನಾಗಿ ಗೊತ್ತಿದ್ದರೂ ನಿಯಮದಂತೆ ಹೆಸರು ಕೇಳಿದೆ. ಹೇಳಿದಳು. ಪಟ್ಟಿಯಲ್ಲಿತ್ತು. ಅವಳ ಹೆಸರಿನ ಮೇಲಿನ ಸಾಲಿನಲ್ಲಿ ತಾಯಿಯ ಸಹಿ, ಅದರ ಮೇಲೆ ತಂದೆಯ ಸಹಿ. ತಂದೆ ಇಪ್ಪತ್ತು ಅಡಿ ದೂರದಲ್ಲಿ ಗೋಡೆಯ ಥರ್ಮೋಸ್ಟಾಟ್ ನೋಡುತ್ತ ನಿಂತಿದ್ದರು. ಅವಳು ಸಹಿ ಹಾಕಿ, ಚೀಟಿ ತೆಗೆದುಕೊಂಡು, ಕೊನೆಯ ಬೆಂಚಿನಲ್ಲಿ ಕೂತಳು. ತಂದೆ ಎಸಿ ಎರಡು ಡಿಗ್ರಿ ಇಳಿಸಿದರು. ಅಷ್ಟು ಜನಕ್ಕೆ ಬೇಕಾಗಿಯೂ ಇತ್ತು.

ಅವತ್ತು ಚರ್ಚೆ ಇರಲಿಲ್ಲ. ಪ್ರಾರ್ಥನೆ, ಒಂದು ಗೀತೆ, ನಂತರ ಪೆಟ್ಟಿಗೆ. ಪಂಗಡದಿಂದ ಬೇರೆಯಾಗಲು ಹೌದು, ಬೇಡ, ಎರಡೇ ಚೌಕ. ನಾನು ‘ಬೇಡ’ಕ್ಕೆ ಗುರುತು ಹಾಕಿದೆ. ದೊಡ್ಡ ವಿಚಾರ ಮಾಡಿ ಹಾಕಿದ್ದಲ್ಲ. ಹೌದು ಗೆದ್ದರೆ ಯಾರ ಯಾರ ಹೆಸರು ಪುಸ್ತಕದಿಂದ ಹೋಗುತ್ತದೆ ಎಂಬುದು ಬೆರಳ ತುದಿಯಲ್ಲಿತ್ತು, ಕೈ ಓಡಲಿಲ್ಲ. ಬೇಡ ಗೆದ್ದರೂ ಹೋಗುವವರು ಹೋಗುತ್ತಾರೆಂದು ಆ ಕ್ಷಣಕ್ಕೆ ಹೊಳೆಯಲಿಲ್ಲ. ನಮ್ಮ ಯಜಮಾನರು ‘ಹೌದು’ ಎಂದು ಹಾಕಿದರು, ಮೊದಲೇ ಹೇಳಿದ್ದರು. ಮಗ ಏನು ಹಾಕಿದನೋ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ “ಗುಪ್ತ ಮತದಾನ ಮಮ್ಮಿ” ಎನ್ನುತ್ತಾನೆ.

ಸಹಿ 203, ಚೀಟಿ 203, ತಾಳೆಯಾಯಿತು. ಡಿ.ಎಸ್. ಓದಿದರು: ಹೌದು 131, ಬೇಡ 72. ಬೇಕಿದ್ದದ್ದು 136.

ಐದು ಕಡಿಮೆ. ಚಪ್ಪಾಳೆಯಿಲ್ಲ, ಅಳುವಿಲ್ಲ. ಯಾರೋ ಫೋನಿನಲ್ಲಿ ಭಾಗಾಕಾರ ಮಾಡಿ ನೋಡಿದರು, ಇನ್ನೊಬ್ಬರು ಅದನ್ನೇ ಮತ್ತೊಮ್ಮೆ ಮಾಡಿದರು. ಹಾಲಿನಲ್ಲಿ ಕೇಕು ಕತ್ತರಿಸದೆ ಉಳಿಯಿತು. ನಾನು ತಿರುಗಿ ನೋಡುವಷ್ಟರಲ್ಲಿ ಕೊನೆಯ ಬೆಂಚು ಖಾಲಿಯಾಗಿತ್ತು.

ಮುಂದಿನ ವಾರಗಳಲ್ಲಿ ಊರಿನಲ್ಲೆಲ್ಲ ಆ ಐವರು ಯಾರೆಂಬ ಲೆಕ್ಕಾಚಾರ. ಅಂಗಡಿಯಲ್ಲಿ ಸಿಕ್ಕವರು ನನ್ನ ಮುಖದಲ್ಲಿ ಏನೋ ಹುಡುಕುತ್ತಿದ್ದರು. ಡಿಸೆಂಬರ್ 3ರಂದು ನಮ್ಮ ಭಾಗದ ಚರ್ಚುಗಳ ಆಡಳಿತ ನಡೆಸುವ ಟೆಕ್ಸಾಸ್ ಕಾನ್ಫರೆನ್ಸ್ ಒಂದೇ ದಿನ 294 ಚರ್ಚುಗಳನ್ನು ಬಿಟ್ಟುಕೊಟ್ಟಿತು, ಇದ್ದವು ಆರುನೂರರ ಹತ್ತಿರ. ಆ ಪಟ್ಟಿಯಲ್ಲಿ ನಮ್ಮದಿರಲಿಲ್ಲ. ಆದರೆ ನಮ್ಮಲ್ಲಿ ಬಹುಮತ ಇದ್ದವರು ಕಟ್ಟಡ ನಮ್ಮಂಥ 72 ಜನಕ್ಕೆ ಬಿಟ್ಟು ನಡೆದರು. ಕೇಳುವುದಕ್ಕೆ ಅನ್ಯಾಯವೇ. ಊರಿನ ಶಾಲೆಯ ಕ್ಯಾಂಟೀನ್ ಬಾಡಿಗೆಗೆ ಹಿಡಿದು, ಆ ವರ್ಷದ ಮೇ ತಿಂಗಳಲ್ಲಿ ಹುಟ್ಟಿದ್ದ ಗ್ಲೋಬಲ್ ಮೆಥಡಿಸ್ಟ್ ಚರ್ಚಿಗೆ ಸೇರಿಕೊಂಡರು. ಅಲ್ಲಿಗೆ ಹೋಗುವ ಮೊದಲು ಒಂದು ಶನಿವಾರ ಹೆಂಗಸರು ಬಂದು ಚರ್ಚಿನ ಅಡುಗೆಮನೆಯಲ್ಲಿ ತಮ್ಮ ತಮ್ಮ ಗಾಜಿನ ಬೋಗುಣಿಗಳನ್ನು ಹುಡುಕಿ ತೆಗೆದುಕೊಂಡರು. ಪ್ರತಿಯೊಂದರ ತಳದಲ್ಲಿ ಪಟ್ಟಿ ಅಂಟಿಸಿ ಹೆಸರು ಬರೆದಿರುತ್ತದೆ. ಗುರುತು ಅಳಿಸಿಹೋದ ನಾಲ್ಕು ಉಳಿದವು. ನನ್ನ ಕರ್ಜಿಕಾಯಿಯ ಸ್ಟೀಲ್ ಡಬ್ಬಿಯೂ ಆಮೇಲೆ ಕಾಣಲಿಲ್ಲ.

ಜನವರಿಯಲ್ಲಿ ರಾಜೀನಾಮೆ ಪತ್ರಗಳು ಬಂದವು. ಪುಸ್ತಕದಲ್ಲಿ ‘ಬಿಟ್ಟವರು’ ಎಂಬ ಕಾಲಂ ಇದೆ, ವರ್ಷಕ್ಕೆ ಒಂದೋ ಎರಡೋ ಬರೆಯುವ ಕಾಲಂ. ಎರಡು ರಾತ್ರಿ ಕೂತು 109 ಹೆಸರು ಬರೆದೆ. ತಂದೆಯ ಪತ್ರವಿತ್ತು. ಅದರ ಜೊತೆ ತಾಯಿಯದು ಇರಬಹುದೆಂದು ಲಕೋಟೆ ಬಡಿದು ನೋಡಿದೆ. ಇರಲಿಲ್ಲ.

ಜೂನ್‌ನಲ್ಲಿ ಪಾಸ್ಟರಿಗೆ ವರ್ಗವಾಯಿತು. 2023 ಮುಗಿಯುವ ಹೊತ್ತಿಗೆ ದೇಶದಾದ್ಯಂತ 7,600ಕ್ಕೂ ಹೆಚ್ಚು ಚರ್ಚುಗಳು ಹೊರಟಿದ್ದವು, ನಾಲ್ಕರಲ್ಲೊಂದು. 2024ರ ಮೇ 1ರಂದು ಷಾರ್ಲಟ್‌ನ ಜನರಲ್ ಕಾನ್ಫರೆನ್ಸ್‌ನಲ್ಲಿ ಸಲಿಂಗಿಗಳು ಪಾದ್ರಿಗಳಾಗುವುದಕ್ಕಿದ್ದ ತಡೆಯನ್ನು 692ಕ್ಕೆ 51 ಓಟಿನಲ್ಲಿ, ಚರ್ಚೆಯೇ ಇಲ್ಲದೆ ತೆಗೆದರು. ಮರುದಿನ 523ಕ್ಕೆ 161ರಲ್ಲಿ 1972ರ ಆ ವಾಕ್ಯವೂ ಹೋಯಿತು. ರಾತ್ರಿ ಪಾಳಿಯ ಬಿಡುವಿನಲ್ಲಿ ಫೋನಿನಲ್ಲಿ ಓದಿದೆ. ಮನೆಗೆ ಬಂದಾಗ ನಮ್ಮವರು, “ನಾನು ಹೇಳಿರಲಿಲ್ವಾ?” ಎಂದರು. ಹೇಳಿದ್ದರು. ಅಷ್ಟಾದರೂ ಅವರು ಶಾಲೆಯ ಕಡೆ ಹೋಗಿಲ್ಲ. ಕೇಳಿದರೆ ಗಾಯನ ತಂಡದಲ್ಲಿ ಗಂಡು ದನಿ ತಾವೊಬ್ಬರೇ ಉಳಿದಿದ್ದೇವೆ ಎನ್ನುತ್ತಾರೆ.

ಟ್ರಸ್ಟಿಯಾಗಿದ್ದ ಆ ತಂದೆ ಈಗ ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ನಮ್ಮ ಬಾಗಿಲಲ್ಲಿ ಇಳಿಸಿ ಶಾಲೆಗೆ ಹೋಗುತ್ತಾರೆ. ಅವರದು ಬೇಗ ಮುಗಿಯುತ್ತದೆ. ನಮ್ಮದು ಮುಗಿಯುವತನಕ ಪಾರ್ಕಿಂಗಿನಲ್ಲಿ, ಅದೇ ಹಳೆಯ ಟ್ರಕ್ಕಿನಲ್ಲಿ ಕಾಯುತ್ತಾರೆ. ಕಳೆದ ತಿಂಗಳು ಒಂದು ಲೋಟ ಕಾಫಿ ಹಿಡಿದು ಹೋದೆ. ಗಾಜು ಇಳಿಸಿ ತೆಗೆದುಕೊಂಡರು.

“ಇವತ್ತು ಎಷ್ಟು ಜನ?” ಎಂದು ಕೇಳಿದರು.

“ಐವತ್ತೆಂಟು. ನಿಮ್ಮಲ್ಲಿ?”

“ತೊಂಬತ್ತರ ಮೇಲೆ.” ಕಾಫಿ ಕುಡಿಯುತ್ತ ಛಾವಣಿಯ ಕಡೆ ನೋಡಿದರು. “ಒಳಗೆ ಸೆಕೆಯೇ? ಆ ಎಡಗಡೆಯ ಯಂತ್ರದ ಸದ್ದು ಸರಿಯಿಲ್ಲ. ಬೀಗದ ಕೈ ಯಾರ ಹತ್ತಿರ ಇದೆ ಈಗ?”

ನನ್ನ ಹತ್ತಿರವೇ ಇತ್ತು. ಕೊಟ್ಟೆ.